ಹವಾ ಎಷ್ಟಿರಬೇಕು ಕಾಕಾ?

ಪುಣೆಯ ಕರ್ವೆ ರಸ್ತೆಯಲ್ಲಿ ಒಂದು ಅಮೃತತುಲ್ಯ ಚಹಾದಂಗಡಿ ಇದೆ. ಭಾನುವಾರ ಬೆಳಿಗ್ಗೆ ಅದರ ಮುಂದೆ ನಮ್ಮ ಕ್ರೂಸರ್ ಬೈಕುಗಳು ಸಾಲಾಗಿ ನಿಂತವು ಅಂದರೆ ತಾಮ್ಹಿಣಿ ಘಾಟಿಗೆ ಹೊರಟಿದ್ದೇವೆ ಅಂತ ಅರ್ಥ. ಬೇಗ ಹೊರಡುವುದಿಲ್ಲ, ಅದು ಬೇರೆ ಮಾತು. ಮೊದಲು ಟೈರಿನಲ್ಲಿ ಹವಾ ಎಷ್ಟಿರಬೇಕು ಅನ್ನೋ ಜಗಳ ಮುಗಿಯಬೇಕಲ್ಲ.

ಹುಬ್ಬಳ್ಳಿ ಕಾಕಾನದು ಅವೆಂಜರ್. ಚಿಂಚವಡದಲ್ಲಿ ಮನೆ, ಪಕ್ಕದ ಆಕುರ್ಡಿಯಲ್ಲಿ ಅವೆಂಜರ್ ಕಂಪನಿ ಬಜಾಜ್, ಹಾಗಾಗಿ ಅದು 'ನಮ್ಮೂರ ಗಾಡಿ'. 2005ರಲ್ಲಿ ಅವೆಂಜರ್ ಬರುವ ಮುಂಚೆ ಇದ್ದ ಎಲಿಮಿನೇಟರ್ ಬೈಕಿನ ಕಥೆಯನ್ನೂ ಕೇಳದೇ ಹೇಳುತ್ತಾರೆ. ಕಾಕಾನ ಸಿದ್ಧಾಂತ ಸರಳ: ಹವಾ ಕಮ್ಮಿ ಇದ್ದಷ್ಟು ಸೊಂಟಕ್ಕೆ ಸುಖ. ಪೆಟ್ರೋಲ್ ಪಂಪಿನ ಹುಡುಗ 'ಕಿತೀ?' (ಎಷ್ಟು?) ಅಂದರೆ 'ಜರಾ ಕಮೀ' ಅನ್ನುತ್ತಾರೆ. ಸಂಖ್ಯೆ ಹೇಳುವ ಅಭ್ಯಾಸವೇ ಇಲ್ಲ.

"ಕಮ್ಮಿ ಇಟ್ಟರೆ ಟೈರು ಬಿಸಿಯಾಗುತ್ತೆ ಮಾರಾಯ್ರೆ, ಅಂಚು ಸವೆಯುತ್ತೆ, ತಿರುವಿನಲ್ಲಿ ಹ್ಯಾಂಡಲ್ ಎಮ್ಮೆ ಎಳೆದ ಹಾಗೆ ಎಳೆಯಬೇಕು," ಅಂದರು ಮಂಗಳೂರಿನ ಭಟ್ರು. ಅವರದು ರಾಯಲ್ ಎನ್‌ಫೀಲ್ಡ್ ಮಿಟಿಯೋರ್ 350. ಅವರು ಎರಡೂ ಟೈರಿಗೆ 40 ಪಿಎಸ್‌ಐ (ಹವಾದ ಒತ್ತಡ ಅಳೆಯುವ ಮಾನ) ಹೊಡೆಸುತ್ತಾರೆ, ಮೈಲೇಜಿಗೋಸ್ಕರ. ಟೈರು ಕಲ್ಲಿನಂತಾಗಿ, ನೆಲಕ್ಕೆ ತಾಗುವ ಜಾಗ ಕಮ್ಮಿಯಾಗಿ, ನಡುಭಾಗ ಮಾತ್ರ ಸವೆದು ಚಪ್ಪಟೆಯಾಗಿರುವುದು ದೂರದಿಂದಲೇ ಕಾಣುತ್ತೆ. ಉಳಿಸಿದ ಪೆಟ್ರೋಲ್ ದುಡ್ಡು ಹೊಸ ಟೈರಿಗೆ ಹೋಗುತ್ತೆ, ಆದರೆ ಭಟ್ರ ಖಾತೆ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪುಟ.

"ಏ ಭಟ್ಟಾ," ಕಾಕಾ ಬಶಿ ಕೆಳಗಿಟ್ಟರು. "ಗಾಳಿ ಟೈರು ಯಾಕ ಹುಟ್ಟಿತು ಗೊತ್ತೇನ್? ಡನ್‌ಲಪ್ ಅಂತ ಒಬ್ಬ ದನದ ಡಾಕ್ಟರ್. ಮಗನ ಮೂರುಗಾಲಿ ಸೈಕಲ್ ಕುಲುಕಬಾರದು ಅಂತ ಮಾಡಿದ. 1888ರಾಗ ಪೇಟೆಂಟ್. ಸುಖಕ್ಕಂತ ಹುಟ್ಟಿದ್ದನ್ನ ನೀ ಕಲ್ಲು ಮಾಡಿ ಕೂತಿ."

ಇದಕ್ಕೆ ಭಟ್ರ ಹತ್ತಿರ ಉತ್ತರ ಇರಲಿಲ್ಲ. ಚಹಾ ಕುಡಿದರು.

ಅಷ್ಟರಲ್ಲಿ ಹಿಂಜವಡಿಯ ಐಟಿ ಹುಡುಗ ಮೊಬೈಲ್ ಟಾರ್ಚ್ ಹಾಕಿಕೊಂಡು ನೆಲಕ್ಕೆ ಬಗ್ಗಿದ್ದ. "ಸರ್, ಜಗಳ ಯಾಕೆ, ಟೈರ್ ಮೇಲೇ ಬರೆದಿದೆಯಲ್ಲ!" ಬರೆದಿದ್ದೇನೋ ನಿಜ. ಆದರೆ ಟೈರಿನ ಪಕ್ಕದಲ್ಲಿ ಇರುವುದು ಆ ಟೈರು ಹೊರಬಹುದಾದ ಗರಿಷ್ಠ ಭಾರ, ಅದಕ್ಕೆ ಬೇಕಾದ ಒತ್ತಡ. ಟೈರು ಮಾಡಿದವನಿಗೆ ಅದು ಯಾವ ಗಾಡಿಗೆ ಹೋಗುತ್ತೆ ಅಂತ ಏನು ಗೊತ್ತು? ನಮಗೆ ಬೇಕಾದ್ದು ಗಾಡಿ ಮಾಡಿದವನ ಸಂಖ್ಯೆ. ಅದು ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಎಷ್ಟೋ ಗಾಡಿಗಳಲ್ಲಿ ಚೈನ್ ಕವರ್ ಹತ್ತಿರ ಸ್ಟಿಕ್ಕರ್ ಕೂಡ ಇರುತ್ತೆ. ಮುಂದಿನದಕ್ಕೊಂದು, ಹಿಂದಿನದಕ್ಕೆ ಒಬ್ಬರಿದ್ದರೆ ಒಂದು, ಇಬ್ಬರಿದ್ದರೆ ಸ್ವಲ್ಪ ಜಾಸ್ತಿ. ಕಾಕಾನ ಸ್ಟಿಕ್ಕರ್ ಮೇಲೆ ಗ್ರೀಸ್ ಕೂತು, ಅದರ ಮೇಲೆ ಧೂಳು ಕೂತು, ಉಗುರಿನಿಂದ ಕೆರೆದಾಗ ಒಂದು '2' ಮಾತ್ರ ಹೊರಗೆ ಬಂತು.

"ನೋಡು, ಎರಡು ಸಾಕು ಅಂತ ಬರೆದಾರ," ಅಂದರು ಕಾಕಾ.

ಹವಾ ಅಳೆಯುವ ಗೇಜಿನದು ಇನ್ನೊಂದು ರಾಮಾಯಣ. ಪಂಪಿನ ಮೀಟರ್ ಒಂದು ಹೇಳಿದರೆ ಭಟ್ರ ಪೆನ್ಸಿಲ್ ಗೇಜು ಇನ್ನೊಂದು, ಹುಡುಗನ ಡಿಜಿಟಲ್ ಗೇಜು ಮೂರನೆಯದು. ಕಾಕಾ ಹೆಬ್ಬೆರಳಿನಿಂದ ಒತ್ತಿ ನಾಲ್ಕನೆಯದು ಹೇಳಿದರು. ಪಕ್ಕದ ಪಂಕ್ಚರ್ ಅಂಗಡಿಯವನು ಏನೂ ಹೇಳದೆ ಬಂದು, ಬೆರಳಿಗೆ ಉಗುಳು ಹಚ್ಚಿ ವಾಲ್ವ್ ಬಾಯಿಗೆ ಸವರಿ, ಗುಳ್ಳೆ ಏಳುತ್ತದಾ ಅಂತ ನೋಡಿ, ಕ್ಯಾಪ್ ತಿರುಗಿಸಿ ಹೋದ. ನಮ್ಮಲ್ಲಿ ಕೆಲಸ ಗೊತ್ತಿದ್ದವನು ಅವನೊಬ್ಬನೇ. ನನ್ನ ಅಭಿಪ್ರಾಯ ಕೇಳಿದರೆ, ಒಂದು ಒಳ್ಳೆ ಗೇಜು ಕೊಂಡು ಯಾವಾಗಲೂ ಅದರಲ್ಲೇ ನೋಡಿ. ಆದರೆ ಯಾರೂ ಕೇಳಲಿಲ್ಲ.

ಕಾಕಾನ ಟೈರಿನಲ್ಲಿ ಅವತ್ತು ಅವರ ಲೆಕ್ಕಕ್ಕಿಂತ ಜಾಸ್ತಿ ತೋರಿಸಿತು. ತಕ್ಷಣ ಕಡ್ಡಿ ತಗೊಂಡು ಹವಾ ಬಿಡಲು ಕೂತರು. ನಾನು ಕೈ ಹಿಡಿದೆ. ಚಿಂಚವಡದಿಂದ ಓಡಿಸಿಕೊಂಡು ಬಂದ ಟೈರು ಬಿಸಿಯಾಗಿದೆ, ಬಿಸಿ ಟೈರಿನಲ್ಲಿ ಒತ್ತಡ ಏರಿರುತ್ತೆ, ಈಗ ಬಿಟ್ಟರೆ ನಾಳೆ ಬೆಳಿಗ್ಗೆ ತಣ್ಣಗಾದಾಗ ಕಮ್ಮಿ ಬೀಳುತ್ತೆ. ಕಂಪನಿ ಹೇಳುವ ಸಂಖ್ಯೆ ಗಾಡಿ ಮೂರು ಗಂಟೆಯಾದರೂ ನಿಂತು ತಣ್ಣಗಾದ ಮೇಲಿನದು. ಚಳಿಯದೂ ಇದೇ ಕಥೆ. ಉಷ್ಣತೆ 5–6 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತೆ, ಪುಣೆಯ ಮೇ ಮಧ್ಯಾಹ್ನ ತುಂಬಿಸಿದ್ದು ಡಿಸೆಂಬರ್ ಬೆಳಿಗ್ಗೆಗೆ ಸೋರದೇ ಇದ್ದರೂ ನಾಲ್ಕು ಕಮ್ಮಿ.

"ಅದಕ್ಕೇ ಸರ್ ದುಡ್ಡು ಕೊಟ್ಟು ನೈಟ್ರೋಜನ್ ತುಂಬಿಸೋದು," ಅಂದ ಹುಡುಗ.

"ಪುಕ್ಕಟೆ ಹವಾದಲ್ಲೇ ನೂರಕ್ಕೆ 78 ಪಾಲು ಅದೇ ಉಂಟು ಮಾರಾಯ," ಭಟ್ರಿಗೆ ಮತ್ತೆ ಜೀವ ಬಂತು. "ಬಾಕಿ 22ಕ್ಕೆ ದುಡ್ಡು ಕೊಡ್ತೀಯಾ?"

ಅಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಆಟೋದಿಂದ ಇಳಿದರು. ಕಾಕಾನ ಹಿಂದೆ ಕೂರುವವರು ಅವರೇ. ಹಾಗಾದರೆ ಹಿಂದಿನ ಟೈರಿಗೆ ಇಬ್ಬರ ಲೆಕ್ಕದ ಹವಾ ಬೇಕು. ಇದನ್ನು ಅವರ ಎದುರಿಗೆ ಹೇಳುವವರು ಯಾರು? ಎಲ್ಲರೂ ಖಾಲಿ ಗ್ಲಾಸಿನಲ್ಲಿ ಚಹಾ ಹುಡುಕಿದೆವು. ಕಾಕಾ ಮೆಲ್ಲಗೆ, "ಬ್ಯಾಗು ಭಾಳ ಒಜ್ಜೆ ಅದ, ಅದಕ್ಕ ಸ್ವಲ್ಪ ಹವಾ..." ಅಂದರು.

ಕಾಕು ಬ್ಯಾಗು ನೋಡಿದರು, ಗೇಜು ನೋಡಿದರು. "ನನ್ನ ಸಲುವಾಗಿ ಹಿಂದಿನ ಟೈರಿಗೆ ಹೊಡಸ್ರಿ, ಬೇಡ ಅನ್ನಂಗಿಲ್ಲ. ಇವರ ಹೊಟ್ಟಿ ಯಾವ ಟೈರಿನ ಲೆಕ್ಕದಾಗ ಬರ್ತದ?"

ಭಟ್ರು ಗಂಭೀರವಾಗಿ ಯೋಚಿಸಿದರು. "ಕ್ರೂಸರ್‌ನಲ್ಲಿ ಸೀಟು ಹಿಂದೆ, ಒರಗಿ ಕೂರುವುದು. ಹೆಚ್ಚಿನ ಭಾರ ಹಿಂದಿನದಕ್ಕೇ ಬರುತ್ತೆ ಕಾಕು."

"ಹಂಗಾರ ಇವರದೂ ಸೇರಿಸಿ ಹೊಡಸ್ರಿ," ಅಂತ ಕಾಕು ಹೆಲ್ಮೆಟ್ ಹಾಕಿಕೊಂಡರು.