ಹಳೆ ಪೋಲೊಗೆ ಸ್ಟೆಪ್ನಿ: ಐದು ತೂತು ಕೂತರೆ ಸಾಕಾ?

ಪ್ರಶ್ನೆ (ಕುಮಟಾದಿಂದ)
ಅಣ್ಣಾ, ನಮಸ್ಕಾರ. ಹೋದ ತಿಂಗಳು 2016ರ ಫೋಕ್ಸ್‌ವ್ಯಾಗನ್ ಪೋಲೊ ತಗೊಂಡೆ, ಸೆಕೆಂಡ್ ಹ್ಯಾಂಡ್. ನನ್ನ ಶಾಲೆ ಶಿರಸಿ ಹತ್ತಿರ. ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಹತ್ತಿ ಇಳಿಯಬೇಕು. ಹಿಂದಿನ ಮಾಲೀಕರು ಹೊರಗಿನ 15 ಇಂಚಿನ ಅಲಾಯ್ ಚಕ್ರ ಹಾಕಿಸಿದ್ದಾರೆ. ಡಿಕ್ಕಿಯಲ್ಲಿ ಜಾಕ್ ಇದೆ, ಸ್ಟೆಪ್ನಿ ಇಲ್ಲ. ಗುಜರಿಯಲ್ಲಿ ಐದು ತೂತಿನ 14 ಇಂಚಿನ ಕಬ್ಬಿಣದ ಡಿಸ್ಕ್ ಇದೆ, ಟೈರ್ ಸಮೇತ. ಅಲಾಯ್‌ನ ಬೋಲ್ಟನ್ನೇ ಅದಕ್ಕೂ ಹಾಕಬಹುದಲ್ವಾ?

ಉತ್ತರ (ಶಿರಸಿಯ ಗ್ಯಾರೇಜಿನಿಂದ)
ಅಕ್ಕೋರೆ, ನೋಡದೆ ಹಾಕಬೇಡಿ. ಬೋಲ್ಟು ಬೇರೆಯೇ ಬೇಕಾಗುವುದು ಜಾಸ್ತಿ.

ಮೊದಲು ಡಿಸ್ಕ್. ಐದು ತೂತು ಇದ್ದ ಮಾತ್ರಕ್ಕೆ ನಿಮ್ಮ ಗಾಡಿಯದ್ದು ಅಂತ ಅಲ್ಲ. ಪೋಲೊದಲ್ಲಿ ಐದೂ ತೂತು 100 ಮಿ.ಮೀ. ಅಗಲದ ವೃತ್ತದ ಮೇಲೆ ಕೂತಿರುತ್ತವೆ. ಅದೇ ಕಂಪನಿಯ ಜೆಟ್ಟಾದಲ್ಲಿ 112. ಶಾಲೆಯ ಸ್ಕೇಲ್ ತಗೊಂಡು ಹೋಗಿ. ಒಂದು ತೂತಿನ ನಡುವಿನಿಂದ ಪಕ್ಕದ ತೂತಿನ ನಡುವಿಗೆ ಅಳೆಯಿರಿ. 59 ಮಿ.ಮೀ. ಹತ್ತಿರ ಬಂದರೆ ನಿಮ್ಮದು, 66 ಬಂದರೆ ಅಲ್ಲೇ ಬಿಟ್ಟು ಬನ್ನಿ. ನಡುವಿನ ದೊಡ್ಡ ತೂತು 57.1 ಮಿ.ಮೀ. ಇರಬೇಕು, ಹಬ್ಬಿನ (ಗಾಡಿಯಲ್ಲಿ ಚಕ್ರ ಕೂರುವ ಭಾಗದ) ಮೇಲೆ ಅಲ್ಲಾಡದೆ ಕೂರಬೇಕು.

ಈಗ ಬೋಲ್ಟು. ಮಾರುತಿ ಗಾಡಿಗಳಲ್ಲಿ ಸ್ಟಡ್ ಹಬ್ಬಿನಲ್ಲೇ ಇರುತ್ತದೆ, ಮೇಲಿಂದ ನಟ್ಟು ಹಾಕಿದರೆ ಆಯ್ತು. ಪೋಲೊದಲ್ಲಿ ಬೋಲ್ಟೇ ಹಬ್ಬಿನೊಳಗೆ ಹೋಗುತ್ತದೆ. 14 ಮಿ.ಮೀ. ದಪ್ಪ, ಮರೆ (ತಿರುಪಿನ ಸುರುಳಿ) ಸುತ್ತಿಗೆ 1.5 ಮಿ.ಮೀ. ಅಲಾಯ್ ದಪ್ಪ ಇದ್ದರೆ ಉದ್ದದ ಬೋಲ್ಟು ಹಾಕಿರುತ್ತಾರೆ. ಅದನ್ನು ತೆಳ್ಳಗಿನ ಕಬ್ಬಿಣದ ಡಿಸ್ಕಿಗೆ ಹಾಕಿದರೆ ತುದಿ ಹಬ್ಬಿನ ಹಿಂದೆ ಹೊರಬಂದು ಬ್ರೇಕ್ ಡ್ರಮ್ಮಿನ ಒಳಗಿನ ಸಾಮಾನಿಗೆ ತಾಗಬಹುದು, ಇಲ್ಲವೇ ತಲೆ ಡಿಸ್ಕನ್ನು ಒತ್ತುವ ಮೊದಲೇ ಬೋಲ್ಟು ಸಿಕ್ಕಿ ನಿಲ್ಲಬಹುದು. ಹಾಗೆ ಸ್ಟೆಪ್ನಿ ಹಾಕಿಕೊಂಡು ಘಟ್ಟ ಹತ್ತಿ ಬಂದ ಗಾಡಿಯೊಂದನ್ನು ನಾನೇ ನೋಡಿದ್ದೇನೆ. ಪಾನಾಕ್ಕೆ ಬೋಲ್ಟು ಬಿಗಿ, ಆದರೆ ಚಕ್ರ ಕೈಯಲ್ಲಿ ಅಲ್ಲಾಡುತ್ತಿತ್ತು! ತೂತುಗಳೆಲ್ಲ ಮೊಟ್ಟೆ ಆಕಾರಕ್ಕೆ ತಿರುಗಿದ್ದವು. ಗಾಡಿಯಲ್ಲಿ ಮಕ್ಕಳಿದ್ದರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಗಿಡ್ಡ ಬೋಲ್ಟೂ ಅಷ್ಟೇ ಅಪಾಯ. ಕೈಯಲ್ಲಿ ತಿರುಗಿಸುತ್ತಾ ಸುತ್ತು ಎಣಿಸಿ, 9-10 ಸುತ್ತಾದರೂ ಒಳಗೆ ಹೋಗಬೇಕು.

ಇನ್ನು ಬೋಲ್ಟಿನ ತಲೆಯ ಕೆಳಭಾಗ ನೋಡಿ. ಕಂಪನಿಯದ್ದು ಅಡಿಕೆಯ ಹಾಗೆ ಗುಂಡಗೆ. ಹೊರಗಿನ ಅಲಾಯ್‌ಗೆ ಹೆಚ್ಚಾಗಿ ಬುಗುರಿಯ ಹಾಗೆ ಓರೆ. ಎರಡೂ ಒಂದಕ್ಕೊಂದು ಆಗುವುದಿಲ್ಲ. ನಿಮ್ಮಲ್ಲಿ ಸೀಮೆಸುಣ್ಣ ಇದ್ದೇ ಇರುತ್ತದೆ. ಡಿಸ್ಕಿನ ತೂತಿನ ಅಂಚಿಗೆ ಸವರಿ, ಬೋಲ್ಟು ಬಿಗಿ ಮಾಡಿ ಬಿಚ್ಚಿ. ಸುತ್ತಲೂ ಅಗಲಕ್ಕೆ ಅಳಿಸಿದ್ದರೆ ಸರಿ. ದಾರದಂಥ ಒಂದು ಗೆರೆ ಮಾತ್ರ ಮೂಡಿದ್ದರೆ ಆ ಬೋಲ್ಟು ಆ ಡಿಸ್ಕಿನದ್ದಲ್ಲ.

ಕಾರವಾರದಿಂದ ಒಬ್ಬರು
ಇಲ್ಲಿ ಉಪ್ಪುಗಾಳಿಗೆ ಎಲ್ಲಾ ತುಕ್ಕು. ಬೋಲ್ಟಿಗೆ ಎಣ್ಣೆ ಹಚ್ಚಿದರೆ ಆಗುತ್ತಾ?

ಉತ್ತರ
ಬೇಡ ತಮ್ಮಾ. ಪೋಲೊಗೆ 120 ನ್ಯೂಟನ್ ಮೀಟರ್ ಬಿಗಿ ಅಂತ ಹೇಳುವುದು ಒಣ ಬೋಲ್ಟಿಗೆ. ಎಣ್ಣೆ ಇದ್ದರೆ ಅದೇ ಬಿಗಿಗೆ ಬೋಲ್ಟಿನ ಮೇಲೆ ಎಳೆತ ಜಾಸ್ತಿ ಬೀಳುತ್ತದೆ. ತಂತಿ ಬ್ರಶ್ಶಿನಲ್ಲಿ ಮರೆ, ಹಬ್ಬಿನ ಮುಖ ಎರಡನ್ನೂ ಉಜ್ಜಿ. ಮರೆ ತಿಂದುಹೋಗಿದ್ದರೆ ಹೊಸತು ಹಾಕಿ. ಚಕ್ರ ಬದಲಿಸಿದ ಮೇಲೆ 50 ಕಿ.ಮೀ. ಓಡಿಸಿ ಮತ್ತೊಮ್ಮೆ ಬಿಗಿ ನೋಡಿ.

ಪ್ರಶ್ನೆ ಕೇಳಿದವರು
ಅಣ್ಣಾ, ಅಳೆದೆ, 59 ಬಂತು! ಟೈರ್ ಮೇಲೆ 175/70 ಆರ್14 ಅಂತಿದೆ. ನನ್ನದು 185/60 ಆರ್15. ಕೊನೆಗೆ 2312 ಅಂತ ಒಂದು ನಂಬರು.

ಉತ್ತರ
ಎತ್ತರ ಒಂದು 601 ಮಿ.ಮೀ., ಇನ್ನೊಂದು 603. ಸ್ಟೆಪ್ನಿಗೆ ತೊಂದರೆ ಇಲ್ಲ. ಆದರೆ 2312 ಅಂದರೆ 2012ರ 23ನೇ ವಾರದ ಟೈರು. ಮೇಲಿನ ಕಚ್ಚು ಎಷ್ಟೇ ಉಳಿದಿದ್ದರೂ ರಬ್ಬರ್ ಸತ್ತಿರುತ್ತದೆ. ಡಿಸ್ಕ್ ಮಾತ್ರ ತಗೊಳ್ಳಿ, ಟೈರ್ ಹೊಸತು ಹಾಕಿಸಿ. ಕಂಪನಿ ಅಳತೆಯ ಐದು ಗುಂಡು ತಲೆಯ ಬೋಲ್ಟು ಕೊಂಡು, 17ರ ಪಾನಾ ಜೊತೆ ಚೀಲ ಕಟ್ಟಿ ಸ್ಟೆಪ್ನಿ ಗುಂಡಿಯಲ್ಲೇ ಇಡಿ. ಶನಿವಾರ ಶಾಲೆ ಮುಗಿಸಿ ಗಾಡಿ ತನ್ನಿ. ನಾಲ್ಕೂ ಕಡೆ ಹಾಕಿ, ಬ್ರೇಕಿಗೆ ತಾಗುತ್ತಾ ಅಂತ ಕೈಯಲ್ಲಿ ತಿರುಗಿಸಿ ನೋಡೋಣ.