ಹನ್ನೊಂದು ವರ್ಷವಾದ ಮೇಲೂ ಆ ಸೆಳೆತ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಾವು ಜೊತೆಯಾಗಿ 11 ವರ್ಷ ಆಯ್ತು. ಜಗಳ ಅಪರೂಪ. ಆದರೆ ಮಾತೆಲ್ಲ ಬಿಲ್ಲು, ಮಕ್ಕಳ ಹೋಮ್‌ವರ್ಕ್, ನಾಳೆ ಯಾರು ಬೇಗ ಏಳೋದು ಅನ್ನೋದೇ. ಮೊದಲಿದ್ದ ಆಸೆ ಎಲ್ಲಿ ಹೋಯ್ತೋ ಗೊತ್ತಿಲ್ಲ. ನಿಮಗೆ ಏನು ಕೈಹಿಡಿಯಿತು, ಹೇಳ್ತೀರಾ?

19 ವರ್ಷದಿಂದ ಜೊತೆಗಿರುವವಳು: ನಮ್ಮಲ್ಲೂ ಹೀಗೇ ಆಗಿತ್ತು. ಒಂದು ಸಂಜೆ ಕಿಟಕಿ ಹತ್ತಿರ ನಿಂತು "ಇಲ್ನೋಡಿ, ಚಂದ್ರ ಎಷ್ಟು ಕೆಂಪಗಿದ್ದಾನೆ" ಅಂದೆ. ಇವರು ಫೋನಿನಿಂದ ಕಣ್ಣೆತ್ತದೆ "ಹ್ಞೂಂ" ಅಂದರು. ಅಷ್ಟೇ. ಆ ರಾತ್ರಿ ನಾನು ಗೋಡೆ ಕಡೆ ತಿರುಗಿ ಮಲಗಿದೆ. ಆಮೇಲೆ ನೆನಪಾಯಿತು, ಹಿಂದಿನ ದಿನ ಇವರು ಆಫೀಸಿನ ಕಥೆ ಹೇಳುವಾಗ ನಾನೂ ಬಟ್ಟೆ ಮಡಚುತ್ತಾ ಹಾಗೇ ಹ್ಞೂಂಗುಟ್ಟಿದ್ದೆ! ಬೆಳಗ್ಗೆ ಇದನ್ನು ಬಾಯಿಬಿಟ್ಟು ಹೇಳಿದೆ. ಅಂದಿನಿಂದ ಒಬ್ಬರು ಕರೆದರೆ ಇನ್ನೊಬ್ಬರು ಕೈಲಿದ್ದದ್ದನ್ನು ಕೆಳಗಿಟ್ಟು ಮುಖ ನೋಡುತ್ತೇವೆ. ದಂಪತಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಕೂಡ ಇಂಥ ಸಣ್ಣ ಕರೆಗಳಿಗೆ ಓಗೊಡುವುದಕ್ಕೇ ತುಂಬಾ ಬೆಲೆ ಕೊಡುತ್ತಾರೆ. ನಮ್ಮ ನಡುವೆ ಮೈಯ ಸಲಿಗೆ ಮರಳಿದ್ದೂ ಅಲ್ಲಿಂದಲೇ. ಹಗಲೆಲ್ಲ ಮುಖ ನೋಡದವರು ರಾತ್ರಿ ಮುಟ್ಟಿದರೆ ಮನಸ್ಸು ಹೇಗೆ ಬರಬೇಕು, ಅಲ್ವಾ?

14 ವರ್ಷ, ಗಂಡ: ಜೊತೆಯಾಗಿ ಹೊಸದೇನಾದರೂ ಮಾಡಿ. 2000ರಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರ ಅಧ್ಯಯನವೊಂದು ಬಂತು. ಅದರಲ್ಲಿ ಜೋಡಿಗಳ ಕೈಕಾಲು ಒಟ್ಟಿಗೆ ಕಟ್ಟಿ, ನಡುವೆ ದಿಂಬು ಒತ್ತಿಹಿಡಿದು ಅಂಬೆಗಾಲಿಡಲು ಹೇಳಿದ್ದರು. 7 ನಿಮಿಷದ ಆಟ. ಸಪ್ಪೆ ಕೆಲಸ ಮಾಡಿದವರಿಗಿಂತ ಇವರಿಗೆ ತಮ್ಮ ಸಂಬಂಧ ಹೆಚ್ಚು ಖುಷಿ ಕೊಟ್ಟಿತು. ನಾವು ಈಜು ಕಲಿಯಲು ಹೋದೆವು. ನೀರಿಗೆ ಹೆದರುವ ಇವಳು ಕೊಳದ ಅಂಚು ಬಿಟ್ಟು ನನ್ನ ಮಣಿಕಟ್ಟು ಹಿಡಿದಳು. ನನ್ನ ಎದೆ ಹಳೇ ದಿನಗಳ ಹಾಗೆ ಹೊಡೆದುಕೊಂಡಿತು.

7 ವರ್ಷ: ಸುಮ್ನೆ ಜಗಳ ತಪ್ಪಿಸಬೇಡಿ, ನುಂಗಿದ ಮಾತು ಹಾಸಿಗೆವರೆಗೂ ಬರುತ್ತದೆ. ಸಿಟ್ಟು ಏರಿದರೆ "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂತ ಹೇಳಿ ಏಳಿ. ಹೇಳಿದ ಹೊತ್ತಿಗೆ ವಾಪಸ್ ಬನ್ನಿ. ನಮ್ಮನ್ನು ಉಳಿಸಿದ್ದು ಆ ವಾಪಸ್ ಬರುವುದೇ.

25 ವರ್ಷ: ಅಕ್ಕಾ, ಇನ್ನೊಂದು ಮಾತು. ನಿದ್ದೆಗೇಡು, ಥೈರಾಯ್ಡ್ ತೊಂದರೆ, ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಆಸೆ ಕುಗ್ಗುತ್ತದೆ. ನಮ್ಮವರು ನನ್ನನ್ನು ಬೇಡ ಅಂದುಕೊಂಡಿದ್ದಾರೆ ಅಂತ ಎರಡು ವರ್ಷ ಒಳಗೊಳಗೇ ಅತ್ತೆ. ಕಾರಣ ಅವರ ಮಾತ್ರೆ ಅಂತ ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು. ನೀವೇ ಮಾತ್ರೆ ನಿಲ್ಲಿಸಬೇಡಿ, ಆದರೆ ಡಾಕ್ಟರ್ ಹತ್ತಿರ ನಾಚಿಕೊಳ್ಳದೆ ಕೇಳಿ.