ಸಹಾಯ ಬೇಕು: ವಾಲ್ನೂರಿನಲ್ಲಿ ಒಂದು ದಿನ ಮಹಶೀರ್‌ಗೆ ಗಾಳ

ಕೊಡಗಿನವರೇ, ಸ್ವಲ್ಪ ದಾರಿ ತೋರಿಸಿ. ಮಳೆ ಮುಗಿದ ಮೇಲೆ ನಮ್ಮ ಭಾವ ಮಡಿಕೇರಿಗೆ ಬರುತ್ತಾರೆ, 1946ರಲ್ಲಿ ಕಬಿನಿಯಲ್ಲಿ ಸುಮಾರು 54 ಕೆಜಿಯ ಮಹಶೀರ್ ಮೀನು ಸಿಕ್ಕಿತ್ತು ಅಂತ ಎಲ್ಲೋ ಓದಿಬಿಟ್ಟಿದ್ದಾರೆ, ಈಗ ಕಾವೇರಿಯಲ್ಲಿ ಒಂದು ದಿನವಾದರೂ ಗಾಳ ಹಾಕಲೇಬೇಕು ಅಂತ ಹಟ. ವಾಲ್ನೂರು ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಪರವಾನಗಿ ಕೊಡುತ್ತಿದ್ದರು, ಹಿಡಿದ ಮೀನನ್ನು ವಾಪಸ್ ನೀರಿಗೆ ಬಿಡಬೇಕಿತ್ತು, ಅಲ್ವಾ? ಈಗಲೂ ಕೊಡುತ್ತಾರಾ? ಕಾವೇರಿಯ ಈ ಡುಬ್ಬದ ಮಹಶೀರ್ ಅಳಿವಿನ ಅಂಚಿನಲ್ಲಿದೆ, ಕದ್ದು ಹಿಡಿಯೋ ಉಸಾಬರಿ ನಮಗೆ ಬೇಡ. ಗಾಳಕ್ಕೆ ಸಿಕ್ಕಿಸೋ ರಾಗಿ ಉಂಡೆ ಕಟ್ಟೋದು, ಮೀನಿಗೆ ಗಾಯವಾಗದಂತೆ ಕೊಕ್ಕೆ ಬಿಡಿಸೋದು ಚೆನ್ನಾಗಿ ಗೊತ್ತಿರೋ ಗೈಡ್ ಇದ್ದರೆ ಇನ್‌ಬಾಕ್ಸ್ ಮಾಡಿ. ಹೋದ ಸಲ ಒಬ್ಬರು ಅಡ್ವಾನ್ಸ್ ತಗೊಂಡು ಫೋನೇ ಎತ್ತಲಿಲ್ಲ, ಅದಕ್ಕೇ ನೀವೇ ಹೋಗಿ ಬಂದಿದ್ದರೆ ಮಾತ್ರ ಹೇಳಿ. ರಾಡು, ರೀಲು ಬಾಡಿಗೆಗೆ ಸಿಗುತ್ತಾ?